ಬಟ್ಟಿ ಇಳಿಸಿದ ಸ್ಪಿರಿಟ್‌ಗೆ ಯಾವ ನೀರು ಬೆರೆಸಬೇಕು?

ಬಟ್ಟಿ ಇಳಿಸುವವರು ಹಣ್ಣು, ಧಾನ್ಯ, ಯೀಸ್ಟ್, ತಾಮ್ರದ ಪಾತ್ರೆ ಅಂತ ಎಷ್ಟೋ ವಿಷಯಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ಗಟ್ಟಿ ಸ್ಪಿರಿಟನ್ನು ಕುಡಿಯುವ ಹದಕ್ಕೆ ಇಳಿಸಲು ಕೊನೆಗೆ ಬೆರೆಸುವ ನೀರನ್ನು ಮಾತ್ರ ಹತ್ತಿರ ಇರುವ ನಲ್ಲಿಯಿಂದ ಹಿಡಿದು ಸುರಿದುಬಿಡುತ್ತಾರೆ. ಒಂದು ಸಲ ಲೆಕ್ಕ ಹಾಕಿ ನೋಡಿ. 65% ಆಲ್ಕೊಹಾಲ್ ಇರುವ ಸ್ಪಿರಿಟನ್ನು 40%ಗೆ ಇಳಿಸಿದರೆ ಬಾಟಲಿಯ ಐದು ಪಾಲಿನಲ್ಲಿ ಸುಮಾರು ಎರಡು ಪಾಲು ನೀವು ಹೊರಗಿನಿಂದ ಹಾಕಿದ ನೀರು. 90% ಇದ್ದದ್ದನ್ನು ಇಳಿಸಿದರಂತೂ ಅರ್ಧಕ್ಕಿಂತ ಜಾಸ್ತಿ ಅದೇ. ಇಷ್ಟು ದೊಡ್ಡ ಪಾಲನ್ನು ಯೋಚಿಸದೆ ಹಾಕುವುದು ಸರಿಯಲ್ಲ, ಅಲ್ವಾ?

ಮುಂದೆ ಹೋಗುವ ಮೊದಲು ಎರಡು ಮಾತು. ಮನೆಯಲ್ಲಿ ಮದ್ಯ ಬಟ್ಟಿ ಇಳಿಸಲು ಹೆಚ್ಚಿನ ದೇಶಗಳಲ್ಲಿ ಪರವಾನಗಿ ಬೇಕು, ನ್ಯೂಜಿಲೆಂಡ್‌ನಂಥ ಕೆಲವೇ ಕಡೆ ಸ್ವಂತ ಬಳಕೆಗೆ ಅವಕಾಶ ಇದೆ. ನಿಮ್ಮ ಕಡೆಯ ಕಾನೂನು ನೋಡಿಕೊಂಡೇ ಕೈ ಹಾಕಿ. ಎರಡನೆಯದು, ನೀರು ಬೆರೆಸಿದರೆ ಮೆಥನಾಲ್ ಅನ್ನುವ ವಿಷದ ಆಲ್ಕೊಹಾಲ್ ಹೋಗುವುದಿಲ್ಲ, ಕೆಟ್ಟ ವಾಸನೆಯೂ ಹೋಗುವುದಿಲ್ಲ. ಸ್ಪಿರಿಟ್ ಸರಿಯಿದ್ದರೆ ಮಾತ್ರ ಈ ಬರಹ ಉಪಯೋಗಕ್ಕೆ ಬರುತ್ತದೆ.

ಈಗ ವಿಷಯಕ್ಕೆ. ನೀರಿನಲ್ಲಿ ನಮಗೆ ತೊಂದರೆ ಕೊಡುವ ದೊಡ್ಡ ವಸ್ತು ಕ್ಯಾಲ್ಸಿಯಂ, ಅದರ ಜೊತೆಗೆ ಮೆಗ್ನೀಸಿಯಂ. ಗಡಸು ನೀರಿನಲ್ಲಿ ಇವು ಕರಗಿ ಕೂತಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಆದರೆ ಈ ಲವಣಗಳಿಗೆ ಆಲ್ಕೊಹಾಲ್ ಆಗಿಬರುವುದಿಲ್ಲ. ನೀರಿನಲ್ಲಿ ಆರಾಮಾಗಿ ಕರಗಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್, ಕ್ಯಾಲ್ಸಿಯಂ ಸಲ್ಫೇಟ್ ಸ್ಪಿರಿಟ್ ಸೇರಿದ ಮೇಲೆ ಕರಗಿ ನಿಲ್ಲಲಾರದೆ ಹೊರಗೆ ಬರುತ್ತವೆ. ಮೊದಲು ತೆಳು ಮಬ್ಬು, ಆಮೇಲೆ ಬಿಳಿ ಎಳೆ, ಕೊನೆಗೆ ತಳದಲ್ಲಿ ಗಷ್ಟು. ಬೇಜಾರಿನ ಸಂಗತಿ ಏನೆಂದರೆ ಇದು ಅವತ್ತೇ ಕಾಣದೇ ಇರಬಹುದು. ಬೆರೆಸಿದಾಗ ಕನ್ನಡಿಯ ಹಾಗೆ ಇದ್ದದ್ದು ಕೆಲವು ವಾರಗಳ ನಂತರ, ಬಾಟಲಿಗೆ ತುಂಬಿ, ಯಾರಿಗಾದರೂ ಕೊಟ್ಟ ಮೇಲೆ ಮಬ್ಬಾಗುತ್ತದೆ.

ರುಚಿಯ ತೊಂದರೆ ಬೇರೆ. ಬೈಕಾರ್ಬೊನೇಟ್ ಜಾಸ್ತಿ ಇರುವ ನೀರು ಸ್ಪಿರಿಟ್‌ನಲ್ಲಿ ಸಹಜವಾಗಿ ಇರುವ ಸ್ವಲ್ಪ ಹುಳಿಯನ್ನು ತಿಂದುಹಾಕುತ್ತದೆ, ರುಚಿ ಸಪ್ಪೆಯಾಗುತ್ತದೆ. ಕಬ್ಬಿಣದ ಅಂಶ ಇದ್ದರೆ ಬಾಯಲ್ಲಿ ಲೋಹದ ರುಚಿ ಉಳಿಯುತ್ತದೆ. ಓಕ್ ಮರದಲ್ಲಿ ಇಟ್ಟ ಸ್ಪಿರಿಟ್ ಆದರೆ ಇನ್ನೂ ಕೆಟ್ಟದ್ದು. ಮರದ ಟ್ಯಾನಿನ್ (ಒಗರಿನ ಅಂಶ) ಮತ್ತು ಕಬ್ಬಿಣ ಸೇರಿದರೆ ಬಣ್ಣ ಬೂದುಗಪ್ಪಿಗೆ ತಿರುಗುತ್ತದೆ. ಹಿಂದಿನ ಕಾಲದ ಶಾಯಿ ಮಾಡುತ್ತಿದ್ದದ್ದೂ ಇದೇ ಎರಡರಿಂದ.

ಕ್ಲೋರಿನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಇಲ್ಲಿ ತುಂಬ ಜನ ಎಡವುತ್ತಾರೆ. ನಲ್ಲಿ ನೀರಿಗೆ ಸಾದಾ ಕ್ಲೋರಿನ್ ಹಾಕಿದ್ದರೆ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೂ ಹೋಗುತ್ತದೆ, ಕುದಿಸಿದರೂ ಹೋಗುತ್ತದೆ. ಆದರೆ ಎಷ್ಟೋ ಕಡೆ ಈಗ ಕ್ಲೋರಮೈನ್, ಅಂದರೆ ಕ್ಲೋರಿನ್ ಅಮೋನಿಯಾ ಸೇರಿದ್ದು, ಹಾಕುತ್ತಾರೆ. ಅದು ಇಟ್ಟರೆ ಹೋಗುವುದಿಲ್ಲ, ಕುದಿಸಿದರೂ ಸುಲಭಕ್ಕೆ ಬಿಡುವುದಿಲ್ಲ. ಅದಕ್ಕೆ ಕಾರ್ಬನ್ ಫಿಲ್ಟರೇ ಬೇಕು, ನೀರನ್ನು ನಿಧಾನಕ್ಕೆ ಹಾಯಿಸಬೇಕು. ಎರಡರಲ್ಲಿ ಯಾವುದೇ ಉಳಿದರೂ ಅದು ಸ್ಪಿರಿಟ್‌ನಲ್ಲಿರುವ ಫೀನಾಲ್ ಅನ್ನುವ ವಾಸನೆಯ ವಸ್ತುಗಳ ಜೊತೆ ಸೇರಿ ಆಸ್ಪತ್ರೆಯ ಔಷಧಿಯಂಥ ವಾಸನೆ ಹುಟ್ಟಿಸಬಹುದು, ಹೊಗೆ ಹಾಕಿದ ಧಾನ್ಯದ ಸ್ಪಿರಿಟ್‌ನಲ್ಲಿ ಫೀನಾಲ್ ಜಾಸ್ತಿ, ಅಲ್ಲಿ ಇನ್ನೂ ಹುಷಾರು.

ಹಾಗಾದರೆ ಯಾವ ನೀರು? ನನ್ನ ಮೊದಲ ಆಯ್ಕೆ ಡಿಸ್ಟಿಲ್ಡ್ ವಾಟರ್ ಅಥವಾ ಒಳ್ಳೆಯ ಆರ್‌ಒ ನೀರು. ಬಣ್ಣವಿಲ್ಲದ ಸ್ಪಿರಿಟ್‌ಗೆ ಇದನ್ನು ಬಿಟ್ಟು ಬೇರೆ ಯೋಚಿಸುವುದೇ ಬೇಡ. ಡಿಸ್ಟಿಲ್ಡ್ ನೀರು ಸಪ್ಪೆ ಅನ್ನುವವರು ಇದ್ದಾರೆ. ಬರೀ ನೀರನ್ನು ಕುಡಿದರೆ ನಿಜ, ಸ್ಪಿರಿಟ್‌ನಲ್ಲಿ ಆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಎಷ್ಟೋ ದೊಡ್ಡ ಡಿಸ್ಟಿಲರಿಗಳೂ ಲವಣ ತೆಗೆದ ನೀರನ್ನೇ ಬಳಸುತ್ತವೆ, ಯುರೋಪಿನ ನಿಯಮವೂ ಡಿಸ್ಟಿಲ್ಡ್, ಡಿಮಿನರಲೈಸ್ಡ್ ನೀರಿಗೆ ಒಪ್ಪಿಗೆ ಕೊಟ್ಟಿದೆ. ಒಂದೇ ಎಚ್ಚರಿಕೆ: ಬ್ಯಾಟರಿಗೆ ಹಾಕುವ ನೀರನ್ನು ತರಬೇಡಿ. ಅದನ್ನು ಕುಡಿಯಲು ಅಂತ ತಯಾರಿಸಿರುವುದಿಲ್ಲ, ತುಂಬಿದ ಡಬ್ಬಿಯೂ ಶುದ್ಧ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಲೇಬಲ್ ಮೇಲೆ ಕುಡಿಯಲು ಯೋಗ್ಯ ಅಂತ ಇರಲೇಬೇಕು.

ಮನೆಯ ಆರ್‌ಒ ಆದರೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವ ಸಾಧನ) ಹಿಡಿದು ನೋಡಿ. ಎಷ್ಟೋ ಯಂತ್ರಗಳು ಕೊನೆಯಲ್ಲಿ ರುಚಿಗೆ ಅಂತ ಖನಿಜವನ್ನು ವಾಪಸ್ ಸೇರಿಸುತ್ತವೆ, ಇಲ್ಲವೇ ಹಸಿ ನೀರನ್ನೇ ಸ್ವಲ್ಪ ಬೆರೆಸುತ್ತವೆ. ಕುಡಿಯಲು ಅದು ಒಳ್ಳೆಯದು, ನಮ್ಮ ಕೆಲಸಕ್ಕೆ ಬೇಡ. 10 ಪಿಪಿಎಂ (ಲೀಟರಿಗೆ 10 ಮಿ.ಗ್ರಾಂ.) ಆಸುಪಾಸು ಬಂದರೆ ಕಣ್ಣು ಮುಚ್ಚಿ ಬಳಸಬಹುದು. 50ರ ಒಳಗೆ ಇದ್ದರೆ ಪರೀಕ್ಷೆ ಮಾಡಿ ಬಳಸಿ. ಹಾಗಂತ ಮೀಟರ್ ಎಲ್ಲವನ್ನೂ ಹೇಳುವುದಿಲ್ಲ, ಎಷ್ಟು ಲವಣ ಇದೆ ಅನ್ನುತ್ತದೆ, ಯಾವ ಲವಣ ಅನ್ನುವುದಿಲ್ಲ. ಕ್ಲೋರಿನ್ ಹಿಡಿಯಲು ನಿಮ್ಮ ಮೂಗೇ ಬೇಕು.

ಬಾಟಲಿಯಲ್ಲಿ ಸಿಗುವ ಚಿಲುಮೆ ನೀರು ಮರದಲ್ಲಿ ಮಾಗಿಸಿದ ಸ್ಪಿರಿಟ್‌ಗೆ ಕೆಲವರಿಗೆ ಇಷ್ಟ, ಬಾಯಲ್ಲಿ ಸ್ವಲ್ಪ ತುಂಬಿಕೊಂಡ ಹಾಗೆ ಅನ್ನಿಸುತ್ತದೆ ಅನ್ನುತ್ತಾರೆ. ಸರಿ, ಆದರೆ ಲೇಬಲ್ ಓದಿ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ತೀರಾ ಕಡಿಮೆ ಇರುವುದನ್ನೇ ಆರಿಸಿ. ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು, ಬಿಟ್ಟುಬಿಡಿ. ಮಳೆನೀರು ಮೆದು ನಿಜ, ಆದರೆ ಚಾವಣಿಯ ಕೊಳೆಯನ್ನೂ ಹೊತ್ತು ತರುತ್ತದೆ, ಅದೂ ಬೇಡ. ಉಪ್ಪು ಹಾಕುವ ವಾಟರ್ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ. ಮಬ್ಬು ಕಡಿಮೆಯಾಗುತ್ತದೆ, ರುಚಿ ಕೆಡುತ್ತದೆ.

ಕುದಿಸಿದ ನೀರು ಸಾಕಲ್ಲವೇ ಅಂತ ಕೇಳುತ್ತಾರೆ. ಕುದಿಸಿದರೆ ಬೈಕಾರ್ಬೊನೇಟ್ ಗಡಸುತನ ಮಾತ್ರ ಪಾತ್ರೆಯ ತಳಕ್ಕೆ ಬಿಳಿ ಪದರವಾಗಿ ಅಂಟುತ್ತದೆ. ಸಲ್ಫೇಟ್, ಕ್ಲೋರೈಡ್ ಎಲ್ಲಾ ಅಲ್ಲೇ ಇರುತ್ತವೆ, ನೀರು ಆವಿಯಾದಷ್ಟೂ ಇನ್ನಷ್ಟು ಸಾಂದ್ರವಾಗುತ್ತವೆ. ಹಾಗಾಗಿ ಅದು ಪರಿಹಾರ ಅಲ್ಲ.

ಯಾವುದೇ ನೀರು ಆರಿಸಿ, ಇಡೀ ಸ್ಪಿರಿಟ್‌ಗೆ ಸುರಿಯುವ ಮೊದಲು ಸಣ್ಣ ಪರೀಕ್ಷೆ ಮಾಡಲೇಬೇಕು. ಇದೊಂದನ್ನು ದಯವಿಟ್ಟು ತಪ್ಪಿಸಬೇಡಿ. 50 ಮಿ.ಲೀ. ಸ್ಪಿರಿಟ್‌ಗೆ ಬೇಕಾದ ಅಳತೆಯ ನೀರು ಬೆರೆಸಿ ಗಾಜಿನ ಸಣ್ಣ ಸೀಸೆಯಲ್ಲಿ ಮುಚ್ಚಿಡಿ. ಪಕ್ಕದಲ್ಲಿ ಡಿಸ್ಟಿಲ್ಡ್ ನೀರು ಬೆರೆಸಿದ್ದು ಇನ್ನೊಂದು ಇರಲಿ, ಹೋಲಿಸಲು. ಒಂದೆರಡು ವಾರ ಬಿಟ್ಟು ಕಪ್ಪು ಬಟ್ಟೆ ಹಿಂದೆ ಹಿಡಿದು ಬದಿಯಿಂದ ಟಾರ್ಚ್ ಹಾಕಿ ನೋಡಿ. ತೇಲುವ ಕಣ ಇದ್ದರೆ ಆಗ ಕಾಣುತ್ತದೆ. ಆಮೇಲೆ ಎರಡನ್ನೂ ಮೂಸಿ, ರುಚಿ ನೋಡಿ.

ಬೆರೆಸುವಾಗ ಹತ್ತಿರದಲ್ಲಿ ಬೆಂಕಿ ಇರಬಾರದು, ಗಟ್ಟಿ ಸ್ಪಿರಿಟ್‌ನ ಆವಿಗೆ ಒಂದು ಕಿಡಿ ಸಾಕು. ಲೆಕ್ಕ ಸುಲಭ: ಈಗಿನ ಶೇಕಡಾವನ್ನು ಬೇಕಾದ ಶೇಕಡಾದಿಂದ ಭಾಗಿಸಿ. 1 ಲೀಟರ್ 65% ಅನ್ನು 40% ಮಾಡಲು 65 ಭಾಗಿಸು 40, ಅಂದರೆ ಒಟ್ಟು 1.625 ಲೀಟರ್ ಆಗಬೇಕು. ಹಾಗಾದರೆ ನೀರು 625 ಮಿ.ಲೀ. ಅನ್ನಿಸುತ್ತದೆ, ಆದರೆ ನಿಜವಾಗಿ ಸುಮಾರು 640 ಬೇಕಾಗುತ್ತದೆ. ಏಕೆಂದರೆ ನೀರು, ಆಲ್ಕೊಹಾಲ್ ಬೆರೆತಾಗ ಗಾತ್ರ ಕುಗ್ಗುತ್ತದೆ. 50 ಮಿ.ಲೀ. ಶುದ್ಧ ಆಲ್ಕೊಹಾಲ್‌ಗೆ 50 ಮಿ.ಲೀ. ನೀರು ಹಾಕಿದರೆ ಸಿಗುವುದು 96-97 ಮಿ.ಲೀ. ಅಷ್ಟೇ. ಮೂಲಧಾತುಗಳ ಕೋಷ್ಟಕದ ಮೆಂಡಲೀವ್ 1865ರಲ್ಲಿ ಡಾಕ್ಟರೇಟ್ ಪ್ರಬಂಧ ಬರೆದದ್ದೂ ನೀರು ಮತ್ತು ಆಲ್ಕೊಹಾಲ್ ಬೆರೆಯುವುದರ ಬಗ್ಗೆಯೇ! ಲೆಕ್ಕದ ನೀರಿನಲ್ಲಿ ಮುಕ್ಕಾಲು ಭಾಗ ಮೊದಲು ನಿಧಾನಕ್ಕೆ ಹಾಕಿ, ಉಳಿದದ್ದನ್ನು ಅಳೆಯುತ್ತಾ ಹಾಕಿ. ಬೆರೆಸಿದಾಗ ಬಿಸಿಯಾಗುತ್ತದೆ, ಬಿಸಿ ಇದ್ದಾಗ ಆಲ್ಕೊಹಾಲ್ ಮೀಟರ್ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಅದನ್ನು ನಂಬಿ ಇನ್ನಷ್ಟು ನೀರು ಸುರಿದರೆ ತೆಳುವಾಗಿಬಿಡುತ್ತದೆ. ಮೀಟರ್ ಮೇಲೆ ಬರೆದಿರುವ ಉಷ್ಣತೆಗೆ, ಸಾಮಾನ್ಯವಾಗಿ 20 ಡಿಗ್ರಿ, ಆರುವ ತನಕ ಕಾಯಿರಿ.

ಇಷ್ಟೆಲ್ಲಾ ಮಾಡಿಯೂ ಮಬ್ಬು ಬಂತು ಅಂದುಕೊಳ್ಳಿ. ತಕ್ಷಣ ನೀರನ್ನು ಬೈಯಬೇಡಿ. ಸೋಂಪು, ಕಿತ್ತಳೆ ಸಿಪ್ಪೆ, ಜುನಿಪರ್ (ಜಿನ್‌ಗೆ ಹಾಕುವ ಕಾಯಿ) ಇರುವ ಸ್ಪಿರಿಟ್‌ನಲ್ಲಿ ಎಣ್ಣೆಯ ಅಂಶ ಇರುತ್ತದೆ, ಆಲ್ಕೊಹಾಲ್ ಕಡಿಮೆಯಾದಾಗ ಆ ಎಣ್ಣೆ ಹೊರಬಂದು ಹಾಲಿನ ಬಣ್ಣ ಕೊಡುತ್ತದೆ. ಧಾನ್ಯದ ಸ್ಪಿರಿಟ್‌ನಲ್ಲಿ ಕೊಬ್ಬಿನ ಆಮ್ಲ ಆಲ್ಕೊಹಾಲ್ ಜೊತೆ ಸೇರಿ ಆಗುವ ಎಸ್ಟರ್‌ಗಳು ಇರುತ್ತವೆ, 46%ಗಿಂತ ಕೆಳಗೆ ಬಂದು ತಣ್ಣಗಾದರೆ ಮಬ್ಬು ಕಟ್ಟುತ್ತದೆ. ಸ್ವಲ್ಪ ಸೀಸೆಗೆ ತೆಗೆದುಕೊಂಡು ಬಿಸಿನೀರಿನ ಪಾತ್ರೆಯಲ್ಲಿ ಬೆಚ್ಚಗೆ ಮಾಡಿ, ಅಥವಾ ಕೆಲವು ಹನಿ ಗಟ್ಟಿ ಸ್ಪಿರಿಟ್ ಸೇರಿಸಿ. ತಿಳಿಯಾದರೆ ಅದು ಎಣ್ಣೆ ಅಥವಾ ಎಸ್ಟರ್. ಕುಡಿಯಲು ತೊಂದರೆ ಇಲ್ಲ, ಇಷ್ಟವಿಲ್ಲದಿದ್ದರೆ ಶೇಕಡಾ ಸ್ವಲ್ಪ ಏರಿಸಿ ಇಡಿ. ತಿಳಿಯಾಗದೆ ಕಣಗಳು ತಳಕ್ಕೆ ಇಳಿಯುತ್ತಿದ್ದರೆ ಅದು ನೀರಿನ ಲವಣವೇ. ಆಗ ಅಲ್ಲಾಡಿಸದೆ ಕೆಲವು ದಿನ ತಂಪಿನಲ್ಲಿ ಬಿಟ್ಟು, ಮೇಲಿನ ತಿಳಿಯನ್ನು ಸಣ್ಣ ಪೈಪಿನಿಂದ ಎಳೆದುಕೊಂಡು, ಕೊನೆಯ ಭಾಗವನ್ನು ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಕಣ ಹೋಗುತ್ತದೆ. ರುಚಿ ಸಪ್ಪೆಯಾಗಿದ್ದರೆ ಸೋಸಿದರೂ ಸರಿಯಾಗುವುದಿಲ್ಲ, ಅದನ್ನು ಮುಂದಿನ ಸಲ ಬಟ್ಟಿ ಇಳಿಸುವಾಗ ಮತ್ತೆ ಪಾತ್ರೆಗೆ ಹಾಕಿಬಿಡಿ.