ಗಿಂಪ್‌ನಲ್ಲಿ ಕಸೂತಿ ಅಂಚಿನ ಪತ್ರದ ಹಾಳೆ: ನಾನು ಮಾಡುವ ಬಗೆ

ಪತ್ರಕ್ಕೂ ಆಮಂತ್ರಣಕ್ಕೂ ಬೇಕಾಗುವ ಅಂಚಿನ ಹಾಳೆಗಳನ್ನು ನಾನು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲೇ ಮಾಡಿಕೊಳ್ಳುತ್ತೇನೆ. ಅವುಗಳಲ್ಲಿ ಧಾರವಾಡದ ಕಸೂತಿ ಅಂಚು ನನಗೆ ಬಹಳ ಅಚ್ಚುಮೆಚ್ಚು. ಕಸೂತಿ ಎಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ. ಎಳೆಯ ಬದಲು ಪಿಕ್ಸೆಲ್ ಎಣಿಸಿದರೆ ಅದೇ ಚಿತ್ತಾರ ತೆರೆಯ ಮೇಲೂ ಚೊಕ್ಕವಾಗಿ ಕೂರುತ್ತದೆ. ಅದಕ್ಕೇ ಗೆರೆ ಎಳೆಯುವ ಮೊದಲು ಲೆಕ್ಕ ಮುಗಿಸಿಕೊಳ್ಳಬೇಕು.

ಇಂಚಿಗೆ 300 ಪಿಕ್ಸೆಲ್ ಇಟ್ಟರೆ ಎ4 ಹಾಳೆ 2480 × 3508 ಆಗುತ್ತದೆ. 3508 ಅಂದರೆ 4 × 877. 877 ಅವಿಭಾಜ್ಯ ಸಂಖ್ಯೆ. ಹಾಗಾಗಿ ಬಳಸುವಂಥ ಯಾವ ಅಳತೆಯ ಚಿತ್ತಾರವೂ ಎತ್ತರಕ್ಕೆ ಪೂರ್ತಿ ಹೊಂದುವುದಿಲ್ಲ, ಕೊನೆಯದು ಅರ್ಧಕ್ಕೆ ತುಂಡಾಗುತ್ತದೆ. ಮಿಕ್ಕದ್ದನ್ನು ಹೊರಗಿನ ಖಾಲಿ ಜಾಗಕ್ಕೆ ತಳ್ಳಬೇಕು. ನನ್ನ ಚಿತ್ತಾರದ ಚೌಕ 120 ಪಿಕ್ಸೆಲ್. ಅಡ್ಡಕ್ಕೆ 19 ಚೌಕ, ಎರಡೂ ಬದಿ 100 ಪಿಕ್ಸೆಲ್ ಖಾಲಿ. ಉದ್ದಕ್ಕೆ 28 ಚೌಕ, ಮೇಲೆ ಕೆಳಗೆ 74 ಖಾಲಿ. ಅಡ್ಡಕ್ಕೆ 20 ಹಾಕಿದರೆ ಬದಿಗೆ ಉಳಿಯುವುದು 40 ಪಿಕ್ಸೆಲ್, ಅಂದರೆ 3.4 ಮಿ.ಮೀ. ಮನೆಯ ಪ್ರಿಂಟರ್‌ಗಳಲ್ಲಿ ಹಲವು ಅಷ್ಟು ತುದಿಗೆ ಅಚ್ಚು ಹಾಕುವುದಿಲ್ಲ.

ನನ್ನ ಚಿತ್ತಾರ ಕಸೂತಿಯ ಗೋಪುರ. ಅದನ್ನು ಬರೆಯುವುದು 23 × 24 ಪಿಕ್ಸೆಲ್‌ನ ಪುಟ್ಟ ಚಿತ್ರದಲ್ಲಿ. ಅಗಲ ಬೆಸ ಸಂಖ್ಯೆ ಇದ್ದರೆ ಮಾತ್ರ ಗೋಪುರದ ತುದಿ ಒಂದೇ ಪಿಕ್ಸೆಲ್‌ಗೆ ಬಂದು ನಿಲ್ಲುತ್ತದೆ. 24 ಇಟ್ಟರೆ ತುದಿ ಎರಡು ಪಿಕ್ಸೆಲ್ ಅಗಲವಾಗಿ ಮೊಂಡಾಗುತ್ತದೆ. ಪೆನ್ಸಿಲ್ ಟೂಲ್, ಗಾತ್ರ 1. ಬ್ರಷ್ ಟೂಲ್ ಬೇಡ, ಅದು ಅಂಚನ್ನು ಮಸುಕು ಮಾಡುತ್ತದೆ. ಸಿಮ್ಮೆಟ್ರಿ ಪೇಂಟಿಂಗ್‌ನಲ್ಲಿ ಮಿರರ್ ಹಾಕಿಕೊಂಡರೆ ಅರ್ಧ ಬರೆದರೆ ಸಾಕು. ಮುರ್ಗಿ ಹೊಲಿಗೆಯ ಮೆಟ್ಟಿಲುಗೆರೆ ಪಿಕ್ಸೆಲ್‌ನಲ್ಲಿ ತಾನಾಗಿಯೇ ಮೂಡುತ್ತದೆ. ಬರೆದಾದ ಮೇಲೆ ಕ್ಯಾನ್ವಾಸ್ ಸೈಜ್‌ನಲ್ಲಿ ಅಗಲವನ್ನು 24ಕ್ಕೆ ಏರಿಸಿ, ಲೇಯರನ್ನೂ ಅದೇ ಅಳತೆಗೆ ಹಿಗ್ಗಿಸುತ್ತೇನೆ. ಹೀಗೆ ಸೇರಿದ ಹೊಸ ಕಂಬಸಾಲು (ಪಿಕ್ಸೆಲ್‌ಗಳ ಉದ್ದಸಾಲು) ಎರಡು ಗೋಪುರಗಳ ನಡುವಿನ ಬಿಡುವು. ಆದರೆ ಅಡಿಗೆರೆಯನ್ನು ಮಾತ್ರ ಆ ಸಾಲಿಗೂ ಎಳೆಯಬೇಕು, ಇಲ್ಲವಾದರೆ ಅಂಚಿನುದ್ದಕ್ಕೂ ಗೆರೆ ತುಂಡುತುಂಡಾಗಿ ಕಾಣುತ್ತದೆ.

ಇದನ್ನು ಐದು ಪಟ್ಟು ಹಿಗ್ಗಿಸುವಾಗ ಸ್ಕೇಲ್ ಇಮೇಜ್‌ನಲ್ಲಿ ಇಂಟರ್‌ಪೊಲೇಷನ್ (ಹೊಸ ಪಿಕ್ಸೆಲ್‌ಗಳ ಬಣ್ಣ ಊಹಿಸಿ ತುಂಬುವ ಬಗೆ) ‘ನನ್’ ಇರಲೇಬೇಕು. ಕ್ಯೂಬಿಕ್ ಇದ್ದರೆ ಹೊಲಿಗೆಯ ಹರಿತವೆಲ್ಲ ಹೋಗಿ ಬಣ್ಣ ಕದಡಿದಂತಾಗುತ್ತದೆ.

ಮೂಲೆಗಳಿಗೆ ಬೇರೆ ಚೌಕ ಬೇಕಾದ್ದರಿಂದ ನಡುವೆ ಉಳಿಯುವುದು ಅಡ್ಡಕ್ಕೆ 17, ಉದ್ದಕ್ಕೆ 26. ಫಿಲ್ಟರ್ಸ್, ಮ್ಯಾಪ್, ಟೈಲ್‌ಗೆ ಹೋಗಿ ಸರಪಳಿ ಗುರುತು ಬಿಡಿಸಿ 2040 × 120 ಕೊಟ್ಟರೆ ಅಡ್ಡಪಟ್ಟಿ ಸಿದ್ಧ. ಅದನ್ನು ಹಾಳೆಯಲ್ಲಿ ಎಡದಿಂದ 220, ಮೇಲಿಂದ 74ಕ್ಕೆ ಗೈಡ್ (ಅಳತೆಯ ಸಹಾಯಗೆರೆ) ಇಟ್ಟು ಕೂರಿಸುತ್ತೇನೆ. ಕೆಳಗಿನ ಪಟ್ಟಿಗೆ ಮೇಲಿಂದ 3314. 17 ಬೆಸವಾದ್ದರಿಂದ ಗೋಪುರ, ತುಳಸಿಕಟ್ಟೆ ಒಂದಾದ ಮೇಲೊಂದು ಬಂದರೂ ಎರಡು ತುದಿಯಲ್ಲೂ ಗೋಪುರವೇ ಸಿಗುತ್ತದೆ. ಅಂಥ ಪಟ್ಟಿಯನ್ನು 240 ಅಗಲದ ಜೋಡಿಚೌಕದಿಂದ ಟೈಲ್ ಮಾಡಬೇಕು. ಉದ್ದದ 26ರಲ್ಲಿ ಈ ಜೋಡಿ ಸರಿಹೋಗದು. ಅಲ್ಲದೆ, ಪಕ್ಕಕ್ಕೆ ಮಲಗಿದ ಗೋಪುರ ನೋಡಲು ಚೆಂದವಲ್ಲ. ಬದಿಗಳಿಗೆ ದಿಕ್ಕಿನ ಹಂಗಿಲ್ಲದ ನಕ್ಷತ್ರವನ್ನೋ ಎಂಟೆಸಳಿನ ಹೂವನ್ನೋ ಹಾಕುವುದು ಒಳ್ಳೆಯದು.

ಬಣ್ಣಕ್ಕೆ ಇಳಕಲ್ ಸೀರೆಯ ಕಡುಗೆಂಪು ಚೆನ್ನ: ಕೆಂಪು 122, ಹಸಿರು 22, ನೀಲಿ 32. ಕಾಗದದ ಮೇಲೆ ಅಚ್ಚು ಹಾಕುವುದಾದರೆ ನೆಲ ಬಿಳಿಯೇ ಇರಲಿ, ಕೆನೆಬಣ್ಣದ ಕಾಗದ ಕೊಂಡರಾಯಿತು. ಇಂಕ್‌ಜೆಟ್‌ನಲ್ಲಿ ತೆಳು ಬಣ್ಣ ಚುಕ್ಕೆಚುಕ್ಕೆಯಾಗಿ ಬೀಳುತ್ತದೆ, ಶಾಯಿಯೂ ದಂಡ.

ಬಿಳಿ ನೆಲದ ಹಾಳೆಯನ್ನು ಇಂಡೆಕ್ಸ್ಡ್ ಮೋಡ್‌ಗೆ (ಎಣಿಸಿದಷ್ಟೇ ಬಣ್ಣಗಳಿರುವ ಬಗೆ) ತಂದು, 16 ಬಣ್ಣ, ಡಿದರಿಂಗ್ (ಚುಕ್ಕೆ ಬೆರೆಸಿ ಇಲ್ಲದ ಬಣ್ಣ ತೋರಿಸುವುದು) ಇಲ್ಲದೆ ಪಿಎನ್‌ಜಿಯಾಗಿ ಎಕ್ಸ್‌ಪೋರ್ಟ್ ಮಾಡಿದರೆ ಫೈಲ್ ಹಗುರ. ಜೆಪೆಗ್ ಅನಿವಾರ್ಯವಾದರೆ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ವಿವರ ಎಷ್ಟು ಉಳಿಸಬೇಕೆಂಬ ಆಯ್ಕೆ) 4:4:4 ಆರಿಸಿ. 4:2:0ದಲ್ಲಿ ಬಣ್ಣದ ವಿವರ ಕಾಲುಭಾಗಕ್ಕೆ ಇಳಿಯುವುದರಿಂದ ಕೆಂಪು ಗೆರೆಯ ಸುತ್ತ ಕೊಳೆ ಹತ್ತಿದಂತೆ ಕಾಣುತ್ತದೆ.

ಲಿಬ್ರೆ ಆಫೀಸ್ ರೈಟರ್‌ನಲ್ಲಿ ಪುಟದ ಹಿನ್ನೆಲೆಯಾಗಿ ಹಾಕುವಾಗ ‘ಸ್ಟ್ರೆಚ್ಡ್’ ಆರಿಸಿ, ಹಿನ್ನೆಲೆ ಮಾರ್ಜಿನ್‌ವರೆಗೂ ಹರಡುವ ಆಯ್ಕೆಗೆ ಗುರುತು ಹಾಕಬೇಕು. ಇಲ್ಲದಿದ್ದರೆ ಅಂಚು ಒಳಕ್ಕೆ ಕುಗ್ಗಿ ಅಕ್ಷರಗಳ ಮೇಲೇ ಬರುತ್ತದೆ. ಅಂಚಿನ ಒಳಬದಿ ಎಡದಿಂದ 18.6 ಮಿ.ಮೀ.ಗೆ ಮುಗಿಯುತ್ತದೆ, ಬರವಣಿಗೆಗೆ 25 ಮಿ.ಮೀ. ಮಾರ್ಜಿನ್ ಕೊಡಿ. ಗೆರೆಹಾಳೆ ಬೇಕಿದ್ದರೆ ಗೆರೆಗಳ ಅಂತರ 100 ಪಿಕ್ಸೆಲ್, ಸಾಲಿನ ಅಂತರ 24 ಪಾಯಿಂಟ್ ಫಿಕ್ಸ್ಡ್. ಎರಡೂ ಒಂದೇ ಅಳತೆ. ಗೆರೆಯನ್ನು ಮಾತ್ರ ಅಕ್ಷರದ ಬುಡಕ್ಕಿಂತ ಕೊಂಚ ಕೆಳಗಿಡಿ, ಒತ್ತಕ್ಷರಕ್ಕೆ ಜಾಗ ಬೇಕು.