ಜಪ್ಪಯ್ಯ ಅಂದರೂ ಬಿಚ್ಚದ ಸ್ಕ್ರೂ: ಬೈಕಿನ ಆಯಿಲ್ ಬದಲಿಸುವ ಮುಂಚೆ

ಆಯಿಲ್ ಇಳಿಸುವ ಮೊದಲೇ, ಬಿಚ್ಚಬೇಕಾದ ಎಂಜಿನ್ ಕವರಿನ ಸ್ಕ್ರೂಗಳನ್ನೆಲ್ಲ ಕಾಲು ಸುತ್ತು ಸಡಿಲಿಸಿ ನೋಡಿ, ಮತ್ತೆ ಬಿಗಿಮಾಡಿ. ಒಂದು ಅಲುಗದೇ ಹೋದರೂ ಬೈಕನ್ನು ಓಡಿಸಿಕೊಂಡೇ ಗ್ಯಾರೇಜಿಗೆ ಹೋಗಬಹುದು. ಆಯಿಲ್ ಇಳಿಸಿದ ಮೇಲೆ ಸ್ಕ್ರೂ ಕೈಕೊಟ್ಟರೆ ತಳ್ಳಿಕೊಂಡು ಹೋಗುವುದೇ ಗತಿ.

ಎಂಜಿನ್ ಕವರ್ ಅಲ್ಯೂಮಿನಿಯಂ, ಸ್ಕ್ರೂ ಉಕ್ಕು. ಎರಡರ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಥ್ರೆಡ್ಡನ್ನು ಕಚ್ಚಿ ಹಿಡಿಯುತ್ತದೆ. ಉಪ್ಪುಗಾಳಿಯ ಕರಾವಳಿಯಲ್ಲಿ ಈ ಕಾಟ ಜಾಸ್ತಿ. ಆದರೂ ಎಷ್ಟೋ ಸ್ಕ್ರೂಗಳು ಹಾಳಾಗುವುದು ತುಕ್ಕಿನಿಂದಲ್ಲ, ಹೊಂದದ ಸ್ಕ್ರೂಡ್ರೈವರಿನಿಂದ.

ಆರ್‌ಎಕ್ಸ್ 100, ಹಳೆಯ ಹೀರೋ ಹೋಂಡಾಗಳಂಥ ಜಪಾನಿ ವಿನ್ಯಾಸದ ಎಂಜಿನ್ನುಗಳ ಸ್ಟಾರ್ ಸ್ಕ್ರೂ ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ಅಳತೆಯದು. ತಲೆಯ ಮೇಲೆ ಸಣ್ಣ ಚುಕ್ಕಿ ಇದ್ದರೆ ಅದೇ ಗುರುತು, ಚುಕ್ಕಿ ಇಲ್ಲದವೂ ಉಂಟು. ಮಾಮೂಲಿ ಫಿಲಿಪ್ಸ್ ತುದಿ ಇದರ ತಳದವರೆಗೆ ಇಳಿಯುವುದಿಲ್ಲ, ಬಲ ಹಾಕಿದ ಕೂಡಲೇ ಮೇಲೆದ್ದು ಜಾರುತ್ತದೆ. ಅದರ ಮೇಲೆ, 6 ಮಿ.ಮೀ. ಸ್ಕ್ರೂಗೆ ಬೇಕಾದ್ದು 3ನೇ ನಂಬರ್ ತುದಿ. ಮನೆಗಳಲ್ಲಿ ಇರುವುದು 2ನೇ ನಂಬರ್. ಕಡ್ಡಿಯಿಂದ ಸ್ಕ್ರೂ ಗುಂಡಿಯ ಕೊಳೆ ಕೆದಕಿ ತೆಗೆದು, ತುದಿ ಇಟ್ಟು ಅಲ್ಲಾಡಿಸಿ ನೋಡಿ. ಲಟಲಟ ಅಂದರೆ ಅದು ಬೇಡ. ಒಮ್ಮೆ ಜಾರಿತೋ, ಅಲ್ಲಿಗೇ ನಿಲ್ಲಿಸಿ.

ತುದಿ ಸರಿಯಾಗಿ ಕೂತರೂ ಬರದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಆಮೇಲೆ ಇಂಪ್ಯಾಕ್ಟ್ ಡ್ರೈವರ್, ಅಂದರೆ ಸುತ್ತಿಗೆಯಿಂದ ಹೊಡೆದರೆ ತುದಿ ತಾನೇ ತುಸು ತಿರುಗುವ ಉಪಕರಣ. ಅದನ್ನು ಬಿಚ್ಚುವ ದಿಕ್ಕಿಗೆ ಹೊಂದಿಸಿ, ಸ್ಕ್ರೂಗೆ ನೇರವಾಗಿ ಒತ್ತಿ, ಎಡಕ್ಕೆ ತಿರುಚಿ ಹಿಡಿದುಕೊಂಡೇ ಅರ್ಧ ಕಿಲೋ ಸುತ್ತಿಗೆಯಿಂದ ಚುರುಕಾಗಿ ಒಂದೇಟು ಹಾಕಿ. ಏಟು ಸ್ಕ್ರೂ ತಲೆಯನ್ನು ಒಳಕ್ಕೆ ಒತ್ತುವುದರಿಂದ ತುದಿ ಜಾರುವುದಿಲ್ಲ, ಜೊತೆಗೆ ಥ್ರೆಡ್ಡಿನ ಹಿಡಿತವೂ ಒಡೆಯುತ್ತದೆ. ಸ್ಪ್ಲೆಂಡರ್‌ನಂಥ ಎಂಜಿನ್ನುಗಳಲ್ಲಿ ಬಲಗಡೆ ಕವರಿನ ಹಿಂದೆ ಕ್ರ್ಯಾಂಕ್ ತುದಿಗೆ ಕೂತು, ತಿರುಗುತ್ತಾ ಆಯಿಲಿನ ಕೊಳೆ ಹಿಡಿಯುವ ಫಿಲ್ಟರ್ ರೋಟರಿನ ಸ್ಕ್ರೂಗಳಿಗೆ ಮಾತ್ರ ಏಟು ಹದವಾಗಿರಲಿ, ಅದು ನೇರ ಕ್ರ್ಯಾಂಕ್ ಬೇರಿಂಗಿಗೆ ಬೀಳುತ್ತದೆ. ರೋಟರ್ ತಿರುಗದಂತೆ ಟಾಪ್ ಗೇರ್ ಹಾಕಿ, ಹಿಂದಿನ ಬ್ರೇಕನ್ನು ಇನ್ನೊಬ್ಬರು ಒತ್ತಿ ಹಿಡಿಯಲಿ.

ಬಿಸಿಯೂ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ಹೀಟ್ ಗನ್ ಹಿಡಿಯಬೇಕಾದ್ದು ಸ್ಕ್ರೂ ತಲೆಗಲ್ಲ, ಸುತ್ತಲಿನ ಕವರಿಗೆ. ಸ್ಪ್ರೇ ಹೊಡೆದಿದ್ದರೆ ಮೊದಲು ಒರೆಸಿ. ಪೆಟ್ರೋಲ್ ಟ್ಯಾಂಕಿನ ಕೆಳಗೆ ಬೆಂಕಿಯ ಟಾರ್ಚ್ ಬೇಡವೇ ಬೇಡ.

ತಲೆ ಆಗಲೇ ಸವೆದಿದ್ದರೆ ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ (ವಾಲ್ವ್ ಉಜ್ಜುವ ತರಿತರಿ ಪೇಸ್ಟ್) ಹಚ್ಚಿ ಒಮ್ಮೆ ನೋಡಿ. ಅದೂ ಆಗದಿದ್ದರೆ ಚಾಣವನ್ನು ತಲೆಯ ಅಂಚಿಗೆ ಓರೆಯಾಗಿ ಇಟ್ಟು, ಗಡಿಯಾರದ ವಿರುದ್ಧ ದಿಕ್ಕಿಗೆ ತಟ್ಟಿ. ಕೊನೆಯ ದಾರಿ ಡ್ರಿಲ್: ನಡುವೆ ಪಂಚ್ ಹೊಡೆದು 3 ಮಿ.ಮೀ. ಬಿಟ್‌ನಿಂದ ಶುರುಮಾಡಿ, 6 ಮಿ.ಮೀ. ಸ್ಕ್ರೂ ಆದರೆ 6 ಮಿ.ಮೀ. ಬಿಟ್‌ನಿಂದ ತಲೆಯನ್ನಷ್ಟೇ ಹಾರಿಸಿ. ಕವರ್ ತೆಗೆದರೆ ಉಳಿದ ತುಂಡು ಹೊರಗೆ ಚಾಚಿರುತ್ತದೆ. ಬಿಗಿತ ಹೋಗಿರುವುದರಿಂದ ಎಷ್ಟೋ ಸಲ ಲಾಕ್ ಆಗುವ ಪ್ಲೈಯರಿಗೇ ಬಂದುಬಿಡುತ್ತದೆ. ಈಸಿ ಔಟ್, ಅಂದರೆ ಮುರಿದ ಸ್ಕ್ರೂಗೆ ತೂತು ಕೊರೆದು ಒಳಗೆ ಕಚ್ಚಿಸಿ ತಿರುಗಿಸುವ ಉಪಕರಣ, ಹಾಕುವ ಮುನ್ನ ಎರಡು ಸಲ ಯೋಚಿಸಿ: ಅದು ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ. ಅದಕ್ಕಿಂತ ಲೇತ್ ಅಂಗಡಿಯಲ್ಲಿ ಮುರಿದ ತುಂಡಿನ ಮೇಲೆ ನಟ್ ವೆಲ್ಡ್ ಮಾಡಿಸುವುದು ಒಳ್ಳೆಯದು. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಕನೆಕ್ಷನ್ ತೆಗೆಸಿ.

ಡ್ರೈನ್ ಬೋಲ್ಟಿಗೆ ಆರು ಮೂಲೆಯ ಸಾಕೆಟ್ಟೇ ಬೇಕು, ಅಡ್ಜಸ್ಟಬಲ್ ಸ್ಪ್ಯಾನರ್ ಮೂಲೆ ತಿನ್ನುತ್ತದೆ. ಕೆಳಗೆ ಮಲಗಿ ನೋಡುವಾಗ ದಿಕ್ಕು ತಪ್ಪುವುದು ಸಹಜ. ಬೋಲ್ಟಿನ ತಲೆಗೆ ಮುಖಮಾಡಿ ನೋಡಿದಂತೆ ಎಡಕ್ಕೇ ತಿರುಗಿಸಬೇಕು.

ಕವರ್ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಆಯಾ ಜಾಗದಲ್ಲೇ ಚುಚ್ಚಿಡಿ. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಕೇಸಿಂಗ್ ಸೀಳುತ್ತದೆ. ತಲೆ ಸವೆದವನ್ನು ಮತ್ತೆ ಹಾಕಬೇಡಿ, ಅದೇ ಉದ್ದದ ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಗುಂಡಿ ಇರುವುದು) ಹಾಕಿ, ಥ್ರೆಡ್ಡಿಗೆ ತಾಮ್ರದ ಗ್ರೀಸ್ ತೆಳ್ಳಗೆ ಸವರಿ. 6 ಮಿ.ಮೀ. ಬೋಲ್ಟಿಗೆ 10 ನ್ಯೂಟನ್ ಮೀಟರ್ ಸಾಕು, ಗ್ರೀಸ್ ಹಚ್ಚಿದ್ದರೆ ಇನ್ನೂ ಕೊಂಚ ಕಡಿಮೆ. ಎದುರುಬದುರಾಗಿ ಎರಡು ಸುತ್ತಿನಲ್ಲಿ ಬಿಗಿಮಾಡಿ, ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಆಮೇಲೆ ಆಯಿಲ್ ತುಂಬಿ.