ಬಿಲ್ಲಿಂಗ್ ನಿಧಾನವೇ? ಮೊದಲು ಡೇಟಾಬೇಸಿನ ಎರಡು ರೀಡಿಂಗ್ ತೆಗೆಯಿರಿ

ಭತ್ತದ ಸುಗ್ಗಿ ಬಂತೆಂದರೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳಲ್ಲಿ ಒಂದೇ ದೂರು: ‘ಕಂಪ್ಯೂಟರ್ ಹ್ಯಾಂಗ್ ಆಗಿದೆ, ಲಾರಿ ಸಾಲು ನಿಂತಿದೆ.’ ಆಗ ಎಲ್ಲರೂ ಮಾಡುವುದು ಎರಡೇ ಕೆಲಸ. ಸರ್ವರ್ ರೀಸ್ಟಾರ್ಟ್, ಇಲ್ಲವೇ ಹೊಸ ರ‍್ಯಾಮ್. ದಯವಿಟ್ಟು ಎರಡನ್ನೂ ತಡೆಹಿಡಿಯಿರಿ. ರೀಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದೆ ನಿಜ. ಆದರೆ ಯಾರ ಕೆಲಸ ಯಾರನ್ನು ತಡೆದಿತ್ತು ಎಂಬ ಸುಳಿವೂ ಅಳಿಸಿಹೋಗುತ್ತದೆ. ನಾಳೆ ಮತ್ತೆ ಅದೇ ಪಾಡು.

ಇಲ್ಲಿ ಹೇಳುವುದೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ. ಅದರೊಳಗೆ ಇಣುಕಿ ನೋಡುವ ಉಚಿತ ಸಾಫ್ಟ್‌ವೇರ್ ಪಿಜಿಅಡ್ಮಿನ್ ಸಾಕು, ಬೇರೇನೂ ಕೊಳ್ಳಬೇಡಿ. ಹೆಸರುಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲ ಹೆಜ್ಜೆ: ಎರಡು ರೀಡಿಂಗ್

‘ಪಿಜಿ_ಸ್ಟ್ಯಾಟ್_ಡೇಟಾಬೇಸ್’ ತೆರೆದು ನಿಮ್ಮ ಡೇಟಾಬೇಸಿನ ಸಾಲು ನೋಡಿ. ಟ್ರಾನ್ಸಾಕ್ಷನ್ ಎಂದರೆ ಪೂರ್ತಿ ಉಳಿಯಬೇಕು, ಇಲ್ಲವೇ ಪೂರ್ತಿ ರದ್ದಾಗಬೇಕು ಎಂಬಂತೆ ಕಟ್ಟಿದ ಕೆಲಸ. ‘ಎಕ್ಸ್ಯಾಕ್ಟ್_ಕಮಿಟ್’ (xact_commit) ಎಂದರೆ ಮುಗಿದು ಉಳಿದ ಟ್ರಾನ್ಸಾಕ್ಷನ್‌ಗಳು, ‘ಎಕ್ಸ್ಯಾಕ್ಟ್_ರೋಲ್‌ಬ್ಯಾಕ್’ (xact_rollback) ಎಂದರೆ ರದ್ದಾದವು. ಇದು ಜೆಸ್ಕಾಂ ಮೀಟರ್ ಇದ್ದ ಹಾಗೆ, ಮೊದಲಿನಿಂದ ಕೂಡುತ್ತಲೇ ಬಂದ ಲೆಕ್ಕ. ಒಂದು ಸಲ ನೋಡಿ ‘ಅಬ್ಬಾ, ಲಕ್ಷಗಟ್ಟಲೆ ಇದೆ’ ಎಂದು ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ನಿಧಾನವಾಗಿರುವ ಹೊತ್ತಿನಲ್ಲೇ 10 ನಿಮಿಷ ಬಿಟ್ಟು ಎರಡು ಸಲ ಬರೆದುಕೊಳ್ಳಿ, ಕಳೆಯಿರಿ. ಎಲ್ಲ ಸಲೀಸಾಗಿ ನಡೆಯುವ ದಿನದ್ದೂ ಒಂದು ಲೆಕ್ಕ ಕೈಯಲ್ಲಿರಲಿ. ಕರೆಂಟ್ ಹೋಗಿ ಸರ್ವರ್ ದಿಢೀರ್ ಸತ್ತರೆ ಈ ಎಣಿಕೆ ಸೊನ್ನೆಗೆ ಇಳಿಯುತ್ತದೆ, ಅದಕ್ಕೇ ಪುಸ್ತಕದಲ್ಲಿ ಬರೆದಿಡಿ.

ರೋಲ್‌ಬ್ಯಾಕ್ ಏರುತ್ತಿದ್ದರೆ ಸಾಫ್ಟ್‌ವೇರ್ ಎಲ್ಲೋ ಎಡವುತ್ತಿದೆ. ಒಂದೇ ಬಿಲ್ ನಂಬರ್ ಎರಡು ಸಲ ಬರುವುದು ಇದರಲ್ಲಿ ಮಾಮೂಲು. ಲಾಗ್ ಫೈಲ್ ನೋಡಿ. ಕಮಿಟ್ ವಿಪರೀತ ಏರಿದ್ದರೆ ಒಂದೊಂದು ಸಾಲನ್ನೂ ಬೇರೆಬೇರೆ ಸೇವ್ ಮಾಡುತ್ತಿರಬಹುದು. ಪ್ರತಿ ಸೇವ್‌ಗೂ ಡಿಸ್ಕಿಗೆ ಬರೆದು ಮುಗಿಯುವ ತನಕ ಕಾಯಬೇಕು, ಒಟ್ಟಿಗೆ ಕಟ್ಟಿ ಒಂದೇ ಸಲ ಕಮಿಟ್ ಮಾಡಿಸಿ.

ಲಾರಿಗಳು ನಿಂತಿವೆ, ಆದರೆ ಕಮಿಟ್ ಕುಸಿದಿದೆ, ರೋಲ್‌ಬ್ಯಾಕೂ ಏರಿಲ್ಲ. ಹೀಗಿದ್ದರೆ? ಜಾಸ್ತಿ ಜನ ತಪ್ಪುವುದು ಇಲ್ಲೇ. ಮುಗಿಯದ ಟ್ರಾನ್ಸಾಕ್ಷನ್ ಈ ಎರಡು ಎಣಿಕೆಗಳಲ್ಲಿ ಎಲ್ಲೂ ಸೇರುವುದಿಲ್ಲ. ಕೆಲಸ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದೇ ಮೊದಲು ಅನುಮಾನಿಸಿ.

ಎರಡನೆಯದು: ತಡೆದವರನ್ನು ಹಿಡಿಯುವುದು

‘ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ’ ತೆರೆಯಿರಿ, ಈಗ ಯಾರ್ಯಾರ ಕನೆಕ್ಷನ್ ಇದೆ ಎಂಬ ಪಟ್ಟಿ ಅದು. ಟ್ರಾನ್ಸಾಕ್ಷನ್ ಶುರುವಾದ ಹೊತ್ತು, ಅಂದರೆ ‘ಎಕ್ಸ್ಯಾಕ್ಟ್_ಸ್ಟಾರ್ಟ್’ (xact_start) ಪ್ರಕಾರ ಹಳೆಯದು ಮೇಲೆ ಬರುವಂತೆ ಜೋಡಿಸಿ. ‘ವೇಟ್_ಈವೆಂಟ್_ಟೈಪ್’ನಲ್ಲಿ ‘ಲಾಕ್’ ಎಂದಿರುವವರು ಬೇರೆಯವರ ಬೀಗ ಬಿಡಲಿ ಎಂದು ಕಾಯುತ್ತಿರುವವರು, ತಪ್ಪು ಅವರದ್ದಲ್ಲ. ಅವರ ಪಿಐಡಿಯನ್ನು (ಪ್ರತಿ ಕನೆಕ್ಷನ್ನಿಗೂ ಇರುವ ನಂಬರ್) ‘ಪಿಜಿ_ಬ್ಲಾಕಿಂಗ್_ಪಿಐಡಿಎಸ್’ಗೆ ಕೊಟ್ಟರೆ ತಡೆದವರ ಪಿಐಡಿ ಸಿಗುತ್ತದೆ. ಅಲ್ಲಿಗೇ ನಿಲ್ಲಬೇಡಿ. ಆ ತಡೆದವರನ್ನೂ ಇನ್ನೊಬ್ಬರು ತಡೆದಿರಬಹುದು. ಉತ್ತರ ಖಾಲಿ ಬರುವ ತನಕ ಹಿಂದೆ ಹಿಂದೆ ಹೋಗಿ. ಆ ಕೊನೆಯ ಪಿಐಡಿಯೇ ಮೂಲ.

ಅದರ ಸ್ಥಿತಿ ಹೆಚ್ಚಾಗಿ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದಿರುತ್ತದೆ. ಐಡಲ್ ಅಲ್ವಾ, ಪಾಪ ಸುಮ್ನೆ ಕೂತಿದೆ ಎಂದು ಬಿಟ್ಟುಬಿಡುತ್ತಾರೆ. ಅದು ಬೀಗ ಹಿಡಿದುಕೊಂಡೇ ಕೂತಿದೆ! ಪಕ್ಕದಲ್ಲಿ ಕಾಣುವ ಕ್ವೆರಿಯೂ (ಡೇಟಾಬೇಸಿಗೆ ಕೊಟ್ಟ ಆದೇಶ) ಈಗ ಓಡುತ್ತಿರುವುದಲ್ಲ, ಆ ಕನೆಕ್ಷನ್ ಕೊನೆಗೆ ಓಡಿಸಿದ್ದು. ಬೀಗ ಹಾಕಿದ ಕ್ವೆರಿ ಅದಕ್ಕೂ ಹಿಂದಿನದಾಗಿರಬಹುದು.

ವೇಬ್ರಿಡ್ಜಿನಲ್ಲಿ ಇದು ಹೇಗಾಗುತ್ತದೆ ನೋಡಿ. ಲೋಡ್ ಲಾರಿ ಹತ್ತಿತು, ಗುಮಾಸ್ತ ತೂಕ ಹಾಕಿದ. ಸಾಫ್ಟ್‌ವೇರ್ ಟ್ರಾನ್ಸಾಕ್ಷನ್ ತೆರೆದು ಚೀಟಿ ನಂಬರಿನ ಸಾಲಿಗೆ ಬೀಗ ಹಾಕಿತು. ಲಾರಿ ಒಳಗೆ ಹೋಗಿ, ಹಮಾಲರು ಚೀಲ ಇಳಿಸಿ, ಖಾಲಿ ತೂಕಕ್ಕೆ ಮತ್ತೆ ಬಂದಾಗಲೇ ಕಮಿಟ್. ಅಲ್ಲಿಯ ತನಕ ಎರಡನೇ ವೇಬ್ರಿಡ್ಜಿನ ಕಂಪ್ಯೂಟರ್ ಮುಂದಿನ ನಂಬರಿಗಾಗಿ ಕಾಯುತ್ತಲೇ ಇರುತ್ತದೆ. ಇದಕ್ಕೆ ರ‍್ಯಾಮ್ ಏನು ಮಾಡೀತು? ಒಂದೇ ಕ್ಲಿಕ್ಕಿಗೆ ಸ್ಪೀಡ್ ಮಾಡುತ್ತೇವೆ ಎನ್ನುವ ಬೂಸ್ಟರ್ ಸಾಫ್ಟ್‌ವೇರ್‌ಗಳಿಂದಲೂ ಇದು ಬಿಡುವುದಿಲ್ಲ. ದುಡ್ಡು ದಂಡ.

ಮೂರನೆಯದು: ಬಿಡಿಸುವುದು

ಮೊದಲು ಆ ಕಂಪ್ಯೂಟರಿನಲ್ಲಿ ಕೂತವರನ್ನು ಕೇಳಿ, ಅರ್ಧ ಬರೆದ ತೂಕವನ್ನು ಚೀಟಿಯಲ್ಲಿ ಗುರುತು ಮಾಡಿಸಿ. ಆಮೇಲೆ ‘ಪಿಜಿ_ಟರ್ಮಿನೇಟ್_ಬ್ಯಾಕೆಂಡ್’ಗೆ ಆ ಮೂಲ ಪಿಐಡಿ ಕೊಡಿ, ಅದರ ಕನೆಕ್ಷನ್ ಕಡಿದು ಬೀಗ ಬಿಡುತ್ತದೆ. ಐಡಲ್ ಆಗಿರುವವರ ಮೇಲೆ ‘ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್’ ನಡೆಯುವುದಿಲ್ಲ, ಅದು ಓಡುತ್ತಿರುವ ಕ್ವೆರಿಗೆ ಮಾತ್ರ. ಟಾಸ್ಕ್ ಮ್ಯಾನೇಜರಿನಲ್ಲಿ ಪೋಸ್ಟ್‌ಗ್ರೆಸ್ ಮೇಲೆ ‘ಎಂಡ್ ಟಾಸ್ಕ್’ ಒತ್ತಲೇಬೇಡಿ. ಎಲ್ಲರ ಕನೆಕ್ಷನ್ನೂ ಕಡಿದು ಬೀಳುತ್ತದೆ.

ಇದು ಅವತ್ತಿನ ಮಟ್ಟಿಗೆ. ಕಾಯಂ ಪರಿಹಾರ ಸಾಫ್ಟ್‌ವೇರ್ ಮಾಡಿದವರ ಕೈಯಲ್ಲಿದೆ: ಲೋಡ್ ತೂಕಕ್ಕೆ ಒಂದು ಕಮಿಟ್, ಖಾಲಿ ತೂಕಕ್ಕೆ ಇನ್ನೊಂದು. ಪಟ್ಟು ಹಿಡಿದು ಮಾಡಿಸಿ. ಅದಾದ ಮೇಲೆ ‘ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್’ ಅನ್ನು 5 ನಿಮಿಷಕ್ಕೆ ಇಡಿ, ಟ್ರಾನ್ಸಾಕ್ಷನ್ ತೆರೆದು ಅಷ್ಟು ಹೊತ್ತು ಸುಮ್ಮನೆ ಕೂತ ಕನೆಕ್ಷನ್ ತಾನಾಗೇ ಕಡಿಯುತ್ತದೆ. ಮೊದಲೇ ಇಟ್ಟರೆ ಲಾರಿ ವಾಪಸ್ ಬರುವಷ್ಟರಲ್ಲಿ ಮೊದಲ ತೂಕವೇ ಹೋಗಿರುತ್ತದೆ.